ಮಾತಾಪಿತೃಸಂಚಾರ ಮೀಮಾಂಸೆ: ನೇಪಲ್ಸ್ ಪ್ರಕರಣ

ವಿಷಯ

ಯಾತ್ರಾಶಾಸ್ತ್ರದಲ್ಲಿ ಇಂದಿನವರೆಗೆ ಚರ್ಚೆಯಾಗಿರುವುದು ಎರಡೇ ಸಂಗತಿ: ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚಾಗುತ್ತದೆ. ಯಾರ ಜೊತೆ ಹೋಗಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಪಂಡಿತರು ಜಾಣತನದಿಂದ ಕೈಬಿಟ್ಟಿದ್ದಾರೆ. ಅದಕ್ಕೆ ಉತ್ತರ ಕೊಟ್ಟರೆ ಮನೆಯಲ್ಲಿ ಯಾರಿಗಾದರೂ ಬೇಸರವಾಗುವುದು ಖಚಿತ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ. ವಿನಮ್ರ ಎಂಬುದು ಸಂಪ್ರದಾಯಕ್ಕೆ ಸೇರಿದ ಮಾತು. ಪ್ರಬಂಧಕಾರನಿಗೆ ತನ್ನ ಸಿದ್ಧಾಂತದ ವಿಷಯದಲ್ಲಿ ಲವಲೇಶವೂ ಸಂಶಯವಿಲ್ಲ. ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಇಟಲಿಯ ನೇಪಲ್ಸ್. ಮೆಡಿಟರೇನಿಯನ್ ದಂಡೆಯಲ್ಲಿ ಊರುಗಳಿಗೇನೂ ಬರವಿಲ್ಲ. ಆದರೆ ಎದುರಿಗೆ ಕೊಲ್ಲಿ, ಬೆನ್ನಿಗೆ ವೋಮೆರೊ ಗುಡ್ಡ, ಪಕ್ಕಕ್ಕೆ 1,281 ಮೀಟರ್ ಎತ್ತರದ ವೆಸೂವಿಯಸ್, ಕಾಲಡಿಗೆ ಲಾವಾ ಕಲ್ಲಿನ ಹಾಸು, ಹೀಗೆ ಮಂಡಿನೋವಿನವರನ್ನು ಎಲ್ಲ ದಿಕ್ಕಿನಿಂದಲೂ ಪರೀಕ್ಷೆಗೆ ಒಡ್ಡುವ ಊರು ಇನ್ನೊಂದು ಸಿಗುವುದು ಕಷ್ಟ. ಇಲ್ಲಿ ಸಾಬೀತಾದ ಸಿದ್ಧಾಂತ ಬೇರೆಲ್ಲ ಕಡಲೂರುಗಳಲ್ಲೂ ತಾನಾಗಿ ಸಾಬೀತಾದಂತೆಯೇ.

ಮೊದಲು ಪರಿಭಾಷೆ. ‘ಹೆತ್ತವರು’ ಎಂದರೆ ಈ ಪ್ರಬಂಧದಲ್ಲಿ ತಾಯಿ ಅಥವಾ ತಂದೆ, ಇಬ್ಬರಲ್ಲಿ ಒಬ್ಬರು. ಇಬ್ಬರೂ ಒಟ್ಟಿಗೆ ಬಂದರೆ ಪಾಸ್‌ಪೋರ್ಟ್ ಯಾರ ಚೀಲದಲ್ಲಿದೆ ಎಂಬ ವಾದದಲ್ಲಿ ಮುಳುಗಿ ಊರನ್ನೂ ಮಕ್ಕಳನ್ನೂ ಮರೆತುಬಿಡುವುದರಿಂದ ಪ್ರಯೋಗ ಕೆಡುತ್ತದೆ. ‘ಮಕ್ಕಳು’ ಎಂದರೆ ಫೋನಿನಲ್ಲಿ ನಕ್ಷೆ ಹಿಡಿದು ನಾಲ್ಕು ಹೆಜ್ಜೆ ಮುಂದೆ ನಡೆಯುವವರು. ವಯಸ್ಸು ಹದಿನಾಲ್ಕಾದರೂ ಅರವತ್ತಾದರೂ ಸರಿ. ದೂರದ ಅಳತೆಗೆ ಕಿಲೋಮೀಟರು ಇಲ್ಲಿ ನಿರುಪಯೋಗಿ. ಆದ್ದರಿಂದ ‘ಉಸ್ಸಪ್ಪ’ ಎಂಬ ಹೊಸ ಮಾನವನ್ನು ಬಳಕೆಗೆ ತರಲಾಗಿದೆ. ಹೆತ್ತವರು ಒಂದು ಕಡೆ ಕೂತು ಎದ್ದು, ಮುಂದಿನ ಬಾರಿ ಕೂರುವವರೆಗಿನ ದೂರವೇ ಒಂದು ಉಸ್ಸಪ್ಪ. ಕೂರುವಾಗ ತಾನಾಗಿ ಹೊರಡುವ ಉದ್ಗಾರವೇ ಗುರುತಾದ್ದರಿಂದ ಅಳೆಯಲು ಬೇರೆ ಉಪಕರಣ ಬೇಡ. ಇದು ಸ್ಥಿರವಾದ ಮಾನವಲ್ಲ. ಏರು ದಾರಿಯಲ್ಲಿ ಕುಗ್ಗುತ್ತದೆ, ಊಟದ ಮೇಲೆ ಇನ್ನೂ ಕುಗ್ಗುತ್ತದೆ. ಅಂಗಡಿಸಾಲಿನಲ್ಲಿ ರಿಯಾಯಿತಿಯ ಫಲಕ ಕಂಡರೆ ವಿಜ್ಞಾನಕ್ಕೆ ಸವಾಲಾಗುವಷ್ಟು ಹಿಗ್ಗುತ್ತದೆ. ವೋಮೆರೊ ಗುಡ್ಡದ ನೆತ್ತಿಯಿಂದ ಹಳೆಯ ಊರಿಗೆ ಇಳಿಯುವ ಪೆದಮೆಂತೀನಾ ಎಂಬ ಸೋಪಾನಮಾರ್ಗಕ್ಕೆ 414 ಮೆಟ್ಟಿಲುಗಳೆಂದು ಲೆಕ್ಕವಿದೆ. ಆದರೆ ಅದು ಎಷ್ಟು ಉಸ್ಸಪ್ಪ ಎಂಬುದನ್ನು ಯಾವ ಪ್ರವಾಸ ಕೈಪಿಡಿಯೂ ಹೇಳುವುದಿಲ್ಲ. ನಗರವಿಜ್ಞಾನ ಇನ್ನೂ ಶೈಶವದಲ್ಲಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪೂರ್ವಪಕ್ಷ

ಈ ವಿಷಯದಲ್ಲಿ ಎರಡು ಪ್ರಾಚೀನ ಪಕ್ಷಗಳಿವೆ. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು. ಲೋಕ ಸುತ್ತಿ ಮೊದಲು ಬಂದವರಿಗೆ ಹಣ್ಣು ಎಂದು ಶಿವ ಪಾರ್ವತಿಯರು ಪಂದ್ಯ ಕಟ್ಟಿದಾಗ ಷಣ್ಮುಖ ನವಿಲೇರಿ ಹಾರಿದ, ಗಣೇಶ ಅಪ್ಪ ಅಮ್ಮನನ್ನೇ ಸುತ್ತಿ ಬಂದು ನಿಂತ. ಇಂದಿನ ಪ್ರವಾಸಿಗಳಲ್ಲಿ ಷಣ್ಮುಖಪಕ್ಷದವರೇ ಹೆಚ್ಚು. ಊರು ನೋಡಲು ಒಬ್ಬರೇ ಹೋಗಬೇಕು, ಹಗುರ ಚೀಲ ಹೊರಬೇಕು. ಬೆಳಿಗ್ಗೆ ಪೊಂಪೈ, ಮಧ್ಯಾಹ್ನ ಜ್ವಾಲಾಮುಖಿಯ ಬಾಯಿ, ಸಂಜೆ ಕೋಟೆ, ರಾತ್ರಿ ಪೀಟ್ಸಾ, ನಾಳೆ ಬೇರೆ ಊರು ಎಂಬುದು ಇವರ ಮತ. ಹಡಗಿನಲ್ಲಿ ಬೆಳಿಗ್ಗೆ ಇಳಿದು ಸಂಜೆಗೆ ಹತ್ತುವ ಕ್ರೂಸ್ ಯಾತ್ರಿಕರು ಇದೇ ಪಕ್ಷದ ಉಗ್ರ ಶಾಖೆ. ಗಣೇಶಪಕ್ಷದವರು ಇದಕ್ಕೆ ತದ್ವಿರುದ್ಧ. ಹೆತ್ತವರೇ ಲೋಕವಾದ ಮೇಲೆ ನೇಪಲ್ಸ್ ಯಾಕೆ, ಷೆಂಗೆನ್ ವೀಸಾಕ್ಕೆ ಬ್ಯಾಂಕ್ ಪುಸ್ತಕ ತೋರಿಸುವ ಗೋಳು ಯಾಕೆ, ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಮೂರು ಸುತ್ತು ಬಂದರೆ ಮುಗಿಯಿತು ಎಂದು ವಾದಿಸುತ್ತಾರೆ. ಮಿತವ್ಯಯದ ದೃಷ್ಟಿಯಿಂದ ಇದು ಪ್ರಬಲವಾದ ಪಕ್ಷ, ಅನುಮಾನವಿಲ್ಲ.

ಆದರೂ ಎರಡರಲ್ಲೂ ದೋಷವಿದೆ. ಷಣ್ಮುಖ ಲೋಕವನ್ನೆಲ್ಲ ಸುತ್ತಿದನೆಂದು ಕಥೆ ಹೇಳುತ್ತದೆಯೇ ಹೊರತು ಏನು ನೋಡಿದನೆಂದು ಹೇಳುವುದಿಲ್ಲ. ಆ ವೇಗದಲ್ಲಿ ನೋಡಿದ್ದಕ್ಕೆ ವರದಿ ಇರುವುದಿಲ್ಲ, ಪಟ್ಟಿ ಮಾತ್ರ ಇರುತ್ತದೆ. ಗಣೇಶಪಕ್ಷದ ದೋಷ ಇನ್ನೂ ಸೂಕ್ಷ್ಮವಾದದ್ದು, ಇದುವರೆಗೆ ಯಾರ ಕಣ್ಣಿಗೂ ಬೀಳದಿದ್ದದ್ದು. ಪ್ರದಕ್ಷಿಣೆಯಿಂದ ಮಗನಿಗೆ ಹಣ್ಣು ಸಿಕ್ಕಿತು, ಕೀರ್ತಿ ಸಿಕ್ಕಿತು, ಜಾಣನೆಂಬ ಬಿರುದು ಸಿಕ್ಕಿತು. ಅಪ್ಪ ಅಮ್ಮನಿಗೆ ಏನು ಸಿಕ್ಕಿತು? ಅವರು ಕೂತಲ್ಲೇ ಕೂತಿದ್ದರು. ಮಕ್ಕಳು ತಮ್ಮನ್ನು ಲೋಕವೆಂದು ಕರೆದರೆಂಬ ಒಂದೇ ಕಾರಣಕ್ಕೆ ಅವರಿಗೆ ಲೋಕ ನೋಡುವ ಅವಕಾಶ ತಪ್ಪಿಹೋಯಿತು. ಆದ್ದರಿಂದ ಮೂರನೆಯ ಪಕ್ಷವೊಂದು ಬೇಕಾಗುತ್ತದೆ: ಹೆತ್ತವರನ್ನು ಕರೆದುಕೊಂಡೇ ಲೋಕ ಸುತ್ತಬೇಕು, ಅದೂ ಅವರ ನಡಿಗೆಯಲ್ಲಿ. ಸಿದ್ಧಾಂತವನ್ನು ಸೂತ್ರರೂಪದಲ್ಲಿ ಹೇಳುವುದಾದರೆ, ಕಡಲೂರನ್ನು ಅರಿಯಲು ತಕ್ಕ ವೇಗ ಹೆತ್ತವರ ವೇಗವೇ. ಮಕ್ಕಳು ಯಾವುದನ್ನು ತಡ ಎಂದು ಕರೆದು ಮುಖ ಸಿಂಡರಿಸುತ್ತಾರೋ ಅದೇ ಸಂಶೋಧನಾ ವಿಧಾನ.

ಪ್ರಮಾಣಗಳು

ಪ್ರತ್ಯಕ್ಷಪ್ರಮಾಣದಿಂದ ಆರಂಭಿಸುವುದು ಶಾಸ್ತ್ರಮರ್ಯಾದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಪೊಂಪೈ, ಹರ್ಕ್ಯುಲೇನಿಯಂ ಊರುಗಳು ಹೂತುಹೋದದ್ದು ಎಲ್ಲರಿಗೂ ಗೊತ್ತು. ಅದನ್ನು ಕಣ್ಣಾರೆ ಕಂಡು ಬರೆದವನೆಂದು ನಮಗೆ ಉಳಿದಿರುವವನು ಕಿರಿಯ ಪ್ಲಿನಿ. ಇತಿಹಾಸಕಾರ ಟ್ಯಾಸಿಟಸ್‌ಗೆ ಅವನು ಬರೆದ ಎರಡು ಕಾಗದಗಳೇ ಆಧಾರ. ಆಗ ಅವನಿಗೆ ಹದಿನೇಳು ವಯಸ್ಸು. ನೇಪಲ್ಸ್ ಕೊಲ್ಲಿಯ ಇನ್ನೊಂದು ತುದಿಯ ಮಿಸೇನಮ್‌ನಲ್ಲಿ ತಾಯಿಯ ಜೊತೆ ಸೋದರಮಾವನ ಮನೆಯಲ್ಲಿದ್ದ. ಆ ಸೋದರಮಾವ ಸಾಮಾನ್ಯನಲ್ಲ. ನಿಸರ್ಗದ ಕುರಿತು 37 ಸಂಪುಟಗಳ ಮಹಾಕೋಶ ಬರೆದ ಹಿರಿಯ ಪ್ಲಿನಿ, ರೋಮನ್ ನೌಕಾಪಡೆಯ ಅಧಿಪತಿ. ಬೆಟ್ಟದ ಮೇಲೆ ವಿಚಿತ್ರ ಮೋಡ ಎದ್ದಾಗ ಮಾವ ಊಟ ಮುಗಿಸಿ ಓದುತ್ತಿದ್ದ. ಮೋಡವನ್ನು ಮೊದಲು ಕಂಡು ಅವನಿಗೆ ತೋರಿಸಿದವಳು ಈ ಹುಡುಗನ ತಾಯಿ. ವಿದ್ವಾಂಸರು ಈ ವಾಕ್ಯವನ್ನು ಓದಿ ಮುಂದೆ ಹೋಗಿಬಿಟ್ಟಿದ್ದಾರೆ. ಪ್ರಬಂಧಕಾರ ಅಲ್ಲೇ ನಿಲ್ಲುತ್ತಾನೆ. ನಿಸರ್ಗವನ್ನೇ ಅರೆದು ಕುಡಿದ ಪಂಡಿತನ ಕಣ್ಣಿಗೆ ಬೀಳದ್ದು ಕೈಯಲ್ಲಿ ಪುಸ್ತಕವಿಲ್ಲದ ತಾಯಿಯ ಕಣ್ಣಿಗೆ ಬಿತ್ತು. ಜ್ವಾಲಾಮುಖಿ ವಿಜ್ಞಾನದ ಮೊತ್ತಮೊದಲ ವೀಕ್ಷಣೆ “ಅಲ್ಲಿ ನೋಡಿ, ಅದೇನದು” ಎಂಬ ಜಾತಿಯ ತಾಯಿಮಾತಿನಿಂದ ಆರಂಭವಾಯಿತು. ಇಂದಿನ ಮಕ್ಕಳು ಫೋನಿನಿಂದ ತಲೆ ಎತ್ತದೆ “ಬನ್ನಿ ಬನ್ನಿ, ಹೊತ್ತಾಯಿತು” ಎಂದು ಉತ್ತರಿಸುವುದು ಇಂಥ ಮಾತಿಗೇ ಎಂಬುದನ್ನು ಗಮನಿಸಬೇಕು.

ಎರಡನೆಯದು ಶಬ್ದಪ್ರಮಾಣ, ಅಂದರೆ ಕಾವ್ಯ. ವರ್ಜಿಲ್ ಕವಿ ನೇಪಲ್ಸ್‌ನಲ್ಲಿ ಬಾಳಿದವನು; ಅವನ ಸಮಾಧಿಯೆಂದು ತೋರಿಸುವ ಜಾಗ ಇಂದಿಗೂ ಆ ಊರಿನಲ್ಲಿದೆ. ಅವನ ಮಹಾಕಾವ್ಯದ ನಾಯಕ ಈನಿಯಾಸ್ ಉರಿಯುವ ಟ್ರಾಯ್ ಪಟ್ಟಣದಿಂದ ಮುದಿ ತಂದೆ ಆಂಕೈಸಿಸ್‌ನನ್ನು ಹೆಗಲ ಮೇಲೆ ಹೊತ್ತು, ಮಗನ ಕೈಹಿಡಿದು ಹೊರಟ; ಹೆಂಡತಿಗೆ ಹಿಂದೆ ಬರಲು ಹೇಳಿ ದಾರಿಯಲ್ಲಿ ಅವಳನ್ನು ಕಳೆದುಕೊಂಡ. ಈ ಕೊನೆಯ ಅಂಶ ಬೇರೊಂದು ಪ್ರಬಂಧದ ವಿಷಯ. ಅದನ್ನು ಬರೆಯುವ ಧೈರ್ಯವಿದ್ದವರು ಬರೆಯಲಿ. ಅಲ್ಲಿಂದ ಮುಂದೆ ಮೆಡಿಟರೇನಿಯನ್ನಿನ ಊರೂರು ಸುತ್ತಾಟವೆಲ್ಲ ತಂದೆಯ ಮಾರ್ಗದರ್ಶನದಲ್ಲಿ ನಡೆಯಿತು. ಹೊರುವವನು ಮಗ, ದಾರಿ ಹೇಳುವವನು ಅಪ್ಪ; ಪ್ರವಾಸದಲ್ಲಿ ಇದು ಸನಾತನ ವ್ಯವಸ್ಥೆ. ಇಲ್ಲಿ ಪೂರ್ವಪಕ್ಷದವರು ಕುಣಿದು ಕೇಳುತ್ತಾರೆ: ಡೀಲೋಸ್ ದ್ವೀಪದಲ್ಲಿ ದೇವವಾಣಿ ಕೇಳಿದ ಮೇಲೆ ಆಂಕೈಸಿಸ್ ಅದನ್ನು ತಪ್ಪಾಗಿ ಅರ್ಥೈಸಿ ಎಲ್ಲರನ್ನೂ ಕ್ರೀಟ್ ದ್ವೀಪಕ್ಕೆ ಕರೆದೊಯ್ಯಲಿಲ್ಲವೇ, ಊರು ಕಟ್ಟಿದ ಮೇಲೆ ರೋಗ ಬಡಿದು ಬಿಟ್ಟು ಓಡಬೇಕಾಗಲಿಲ್ಲವೇ? ನಿಜ. ಹೆತ್ತವರು ದಾರಿ ತಪ್ಪಿಸುವುದಿಲ್ಲ ಎಂದು ಈ ಸಿದ್ಧಾಂತ ಎಲ್ಲೂ ಹೇಳಿಲ್ಲ. ಆದರೆ ಅಪ್ಪ ಸಿಸಿಲಿಯಲ್ಲಿ ತೀರಿಕೊಂಡ ಮೇಲೆ ಏನಾಯಿತು ನೋಡಬೇಕು. ಮಗ ನೇರವಾಗಿ ಕಾರ್ತೇಜಿಗೆ ಹೋಗಿ ಬಿದ್ದ, ರಾಣಿ ಡೈಡೋಳ ಅರಮನೆಯಲ್ಲಿ ಹೊರಟ ಕಾರ್ಯವನ್ನೇ ಮರೆತ, ದೇವದೂತ ಬಂದು ಎಬ್ಬಿಸಬೇಕಾಯಿತು. ಅಪ್ಪನಿದ್ದಾಗ ದಾರಿ ತಪ್ಪಿತು, ಅಪ್ಪನಿಲ್ಲದಾಗ ಗುರಿಯೇ ತಪ್ಪಿತು. ಕೊನೆಗೆ ನೇಪಲ್ಸ್ ಬಳಿಯ ಕೂಮೆಗೆ ಬಂದವನು ಅವರ್ನಸ್ ಸರೋವರದ ಹತ್ತಿರ ಪಾತಾಳಕ್ಕೆ ಇಳಿದು, ಸತ್ತ ಅಪ್ಪನನ್ನೇ ಹುಡುಕಿ ಮುಂದಿನದನ್ನು ಕೇಳಿಕೊಂಡ. ಜೊತೆಯಲ್ಲಿರುವಾಗ ಒಂದು ಮಾತೂ ಕಿವಿಗೆ ಹಾಕಿಕೊಳ್ಳದವರು ಆಮೇಲೆ ಎಷ್ಟು ಆಳಕ್ಕೆ ಇಳಿಯಬೇಕಾಗುತ್ತದೆ ಎಂಬುದಕ್ಕೆ ಇದು ದೃಷ್ಟಾಂತ.

ಕಾವ್ಯವನ್ನು ನಂಬದ ಇತಿಹಾಸನಿಷ್ಠರಿಗಾಗಿ ಮೂರನೆಯ ಪ್ರಮಾಣ. 1770ರ ಮೇ ತಿಂಗಳಲ್ಲಿ ಹದಿನಾಲ್ಕರ ಹುಡುಗ ವೂಲ್ಫ್‌ಗಾಂಗ್ ಮೊಝಾರ್ಟ್ ತನ್ನ ತಂದೆ ಲಿಯೋಪೋಲ್ಡ್ ಜೊತೆ ನೇಪಲ್ಸ್‌ಗೆ ಬಂದ. ಆರು ವಾರ ಇದ್ದರು. ಅಪ್ಪ ಇಬ್ಬರಿಗೂ ಹೊಸ ಬಟ್ಟೆ ಹೊಲಿಸಿದ, ಸಾಲ್ಜ್‌ಬರ್ಗ್‌ನಲ್ಲಿದ್ದ ಹೆಂಡತಿಗೆ ಕಾಗದ ಬರೆದ, ಊರಿನ ಸೊಬಗನ್ನು ಹೊಗಳಿದ, ಊರಿನ ಜನರನ್ನು ಬೈದ. ಹೆತ್ತವರು ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದ. ಇಬ್ಬರೂ ನಿಧಾನವಾಗಿ ಅವರ್ನಸ್ ಸರೋವರದ ಕಡೆಗೂ ಹೋಗಿ ಬಂದರು. ಇಷ್ಟು ದಿನ ನಿಧಾನದಿಂದ ಇಬ್ಬರಲ್ಲಿ ಯಾರಿಗೂ ಏನೂ ಆಗಲಿಲ್ಲ. ಜೂನ್ ಕೊನೆಗೆ ರೋಮ್‌ಗೆ ಮರಳುವಾಗ ಮಾತ್ರ ಅವಸರ ಬಂತು. ಸಾಮಾನ್ಯ ಬಾಡಿಗೆ ಗಾಡಿಗಳು ನಾಲ್ಕು ದಿನಕ್ಕೂ ಮೀರಿ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಅಂಚೆ ಗಾಡಿಯಲ್ಲಿ 27 ಗಂಟೆಗೆ ಮುಗಿಸಲು ಹೊರಟರು. ದಾರಿಯಲ್ಲಿ ಕುದುರೆ ಮುಗ್ಗರಿಸಿತು, ಮಗನನ್ನು ಹಿಡಿಯಲು ಹೋದ ಅಪ್ಪನ ಮೊಳಕಾಲ ಕೆಳಗೆ ಗಾಯವಾಯಿತು. ಆ ಕಾಲು ಅವನನ್ನು ಮುಂದೆ ಬಹಳ ದಿನ ಕಾಡಿತು. ಸಂಶೋಧನೆಯ ಭಾಷೆಯಲ್ಲಿ ಹೇಳುವುದಾದರೆ ಇದು ಆದರ್ಶ ಪ್ರಯೋಗ. ಅಪ್ಪ ಅವನೇ, ಮಗ ಅವನೇ, ದೇಶ ಅದೇ, ಬದಲಾದದ್ದು ವೇಗ ಒಂದೇ. ಫಲಿತಾಂಶ ಕಾಲಿನ ಮೇಲೆ ಬರೆದಿತ್ತು.

ನಾಲ್ಕನೆಯದು ಶಿಲ್ಪಪ್ರಮಾಣ. ನೇಪಲ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಫಾರ್ನೀಸೆ ಹರ್ಕ್ಯುಲಿಸ್ ಎಂಬ ಮೂರು ಮೀಟರ್ ಮೀರಿದ ಅಮೃತಶಿಲೆಯ ವಿಗ್ರಹವಿದೆ. ಗ್ರೀಕ್ ಪುರಾಣದಲ್ಲಿ ಇವನಿಗಿಂತ ಬಲಶಾಲಿಯಿಲ್ಲ. ಸಿಂಹ ಕೊಂದವನು, ಆಕಾಶ ಹೊತ್ತವನು. ಶಿಲ್ಪಿ ಮಾತ್ರ ಅವನನ್ನು ಕಾದಾಡುವ ಭಂಗಿಯಲ್ಲಿ ನಿಲ್ಲಿಸಲಿಲ್ಲ. ಗದೆಯನ್ನು ಕಂಕುಳಿಗೆ ಊರಿ, ತಲೆ ತಗ್ಗಿಸಿ, ಸುಸ್ತಾಗಿ ಒರಗಿ ನಿಂತಿದ್ದಾನೆ. ಅವನಿಗೇ ಉಸ್ಸಪ್ಪ ಅನ್ನಿಸಿದ ಮೇಲೆ ಬಿ.ಪಿ. ಮಾತ್ರೆ ನುಂಗಿ ಬಂದವರ ಪಾಡೇನು ಎಂದು ಸಹೃದಯರು ಯೋಚಿಸಬೇಕು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ವಿಗ್ರಹ ಇರುವ ಫಾರ್ನೀಸೆ ಸಂಗ್ರಹ ನೇಪಲ್ಸ್ ದೊರೆ ಚಾರ್ಲ್ಸ್‌ಗೆ ಬಂದದ್ದು ತಾಯಿ ಎಲಿಸಬೆತ್ತಾ ಫಾರ್ನೀಸೆಯ ಕಡೆಯಿಂದ. ಅಮ್ಮನ ಪೆಟ್ಟಿಗೆ ಯಾಕಿಷ್ಟು ಭಾರ ಎಂದು ವಿಮಾನ ನಿಲ್ದಾಣದಲ್ಲಿ ಗೊಣಗುವ ಮಕ್ಕಳು ಇದನ್ನು ಮನನ ಮಾಡಬೇಕು. ನೇಪಲ್ಸ್‌ಗೆ ಬಂದವರೆಲ್ಲ ಟಿಕೆಟ್ ಕೊಂಡು ನೋಡುತ್ತಿರುವುದು ಒಬ್ಬ ತಾಯಿಯ ಕಡೆಯ ಸಾಮಾನನ್ನು. ಅದೇ ಸಂಗ್ರಹದ ಫಾರ್ನೀಸೆ ಗೂಳಿ ಎಂಬ ಬೃಹತ್ ಶಿಲ್ಪದಲ್ಲಿ ಇಬ್ಬರು ಅಣ್ಣತಮ್ಮಂದಿರು ತಾಯಿಗೆ ಕಿರುಕುಳ ಕೊಟ್ಟವಳನ್ನು ಗೂಳಿಗೆ ಕಟ್ಟುತ್ತಿದ್ದಾರೆ. ಮಾತೃಭಕ್ತಿಯ ಈ ಪ್ರಮಾಣವನ್ನು ಸಿದ್ಧಾಂತ ಸ್ವೀಕರಿಸುತ್ತದೆ, ಅನುಕರಣೆಯನ್ನು ಶಿಫಾರಸು ಮಾಡುವುದಿಲ್ಲ.

ಚಾರ್ಲ್ಸ್‌ನ ಹೆಸರು ಬಂದ ಮೇಲೆ ಪಿಯಾಜಾ ದೆಲ್ ಪ್ಲೆಬಿಶೀತೊ ಎಂಬ ವಿಶಾಲ ಚೌಕವನ್ನು ಬಿಟ್ಟು ಹೋಗುವಂತಿಲ್ಲ. ಅಲ್ಲಿ ಎರಡು ಅಶ್ವಾರೂಢ ಪ್ರತಿಮೆಗಳಿವೆ. ಒಂದು ಚಾರ್ಲ್ಸ್‌ನದು, ಇನ್ನೊಂದು ಅವನ ಮಗ ಫರ್ಡಿನಾಂಡ್‌ನದು. 1759ರಲ್ಲಿ ಅಪ್ಪ ಸ್ಪೇನಿನ ಸಿಂಹಾಸನ ಏರಲು ಹೊರಟಾಗ ಎಂಟು ವರ್ಷದ ಹುಡುಗನಿಗೆ ನೇಪಲ್ಸ್ ಬಿಟ್ಟುಕೊಟ್ಟು ಹೋದ. ಈಗ ಇಬ್ಬರೂ ಒಂದೇ ಚೌಕದಲ್ಲಿ ಕೂತಿದ್ದಾರೆ. ಊರಿನವರಲ್ಲಿ ಒಂದು ಆಟವಿದೆ. ಅರಮನೆಯ ಬಾಗಿಲಿನಿಂದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊರಟು ಈ ಎರಡು ಕುದುರೆಗಳ ನಡುವೆ ನೇರವಾಗಿ ಹಾದುಹೋಗಬೇಕು. ಸುಲಭವೆಂದು ಹೊರಟವರು ಎಡಕ್ಕೋ ಬಲಕ್ಕೋ ವಾಲಿ ಎಲ್ಲೋ ಹೋಗಿ ನಿಲ್ಲುತ್ತಾರೆ. ನೆಲ ಸಮವಾಗಿಲ್ಲ ಎಂದು ವಿಜ್ಞಾನ ಹೇಳಿದರೆ ರಾಣಿಯೊಬ್ಬಳ ಶಾಪ ಎಂದು ಜನ ಹೇಳುತ್ತಾರೆ. ಪ್ರಬಂಧಕಾರನ ಮತದಲ್ಲಿ ಕಾರಣ ಸರಳ. ಅಪ್ಪನಿಗೂ ಮಗನಿಗೂ ನಡುವೆ ಯಾವ ಕಡೆಗೂ ವಾಲದೆ ಹಾದುಹೋದ ಮೂರನೆಯವರು ಲೋಕದಲ್ಲಿ ಎಲ್ಲೂ ಇಲ್ಲ. ಇದನ್ನು ಯಾವ ಸೊಸೆಯನ್ನು ಕೇಳಿದರೂ ಹೇಳಿಯಾಳು.

ಕೊನೆಯದು ಅನುಮಾನಪ್ರಮಾಣ, ಅಂದರೆ ಊರಿನ ರಚನೆಯಿಂದಲೇ ತರ್ಕಿಸುವುದು. ಸಾಂತಾ ಕ್ಯಾರಾ ಮಠದ ಒಳಾಂಗಣದ ತೋಟದಲ್ಲಿ ಹದಿನೆಂಟನೆಯ ಶತಮಾನದ ಬೆಂಚುಗಳಿಗೆ ಚಿತ್ರ ಬರೆದ ಬಣ್ಣದ ಹೆಂಚು ಹೊದಿಸಿದ್ದಾರೆ. ಕೂರುವ ಜಾಗಕ್ಕೆ ಇಷ್ಟು ಕಲೆ ಸುರಿದ ನಾಗರಿಕತೆ ನಡಿಗೆಯನ್ನು ಎಷ್ಟರ ಮಟ್ಟಿಗೆ ಗೌರವಿಸಿತ್ತೆಂದು ಊಹಿಸಬಹುದು. ಹಳೆಯ ವಾಡಿಕೆಯಂತೆ ಮಧ್ಯಾಹ್ನ ಅನೇಕ ಅಂಗಡಿಗಳು ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಹೆತ್ತವರಿಗೆ ಕಣ್ಣು ಕೂರುವ ಹೊತ್ತಿಗೇ ಊರೂ ಮಲಗುತ್ತದೆ. ಸಾನ್ ಗ್ರೆಗೋರಿಯೊ ಆರ್ಮೇನೊ ಎಂಬ ಇಕ್ಕಟ್ಟಾದ ಬೀದಿಯಲ್ಲಿ ವರ್ಷವಿಡೀ ಕ್ರಿಸ್ತಜನನದ ಬೊಂಬೆಗಳನ್ನು ಮಾರುತ್ತಾರೆ. ಆ ಬೊಂಬೆಗಳಲ್ಲಿ ಬೆನೀನೊ ಎಂಬ ಮಲಗಿದ ಕುರುಬನೊಬ್ಬ ಇರಲೇಬೇಕು. ದೇವಶಿಶು, ಮೀನು ಮಾರುವವ, ರೊಟ್ಟಿ ಸುಡುವವ, ಗುಡ್ಡ, ತೊರೆ, ಇದೆಲ್ಲವೂ ಅವನು ಕಾಣುತ್ತಿರುವ ಕನಸು. ಅವನನ್ನು ಎಬ್ಬಿಸಿದರೆ ಇಡೀ ದೃಶ್ಯ ಮಾಯವಾಗುತ್ತದೆ ಎಂಬುದು ನೇಪಲ್ಸ್‌ನವರ ನಂಬಿಕೆ. ಊಟದ ಮೇಲೆ ಹೋಟೆಲ್ ಕೋಣೆಯಲ್ಲಿ ಅಡ್ಡಾದ ತಂದೆಯನ್ನು “ಮ್ಯೂಸಿಯಂ ಮುಚ್ಚಿಬಿಡುತ್ತೆ, ಏಳಿ” ಎಂದು ಅಲುಗಾಡಿಸುವ ಮಕ್ಕಳು ತಾವು ಯಾವ ಲೋಕಕ್ಕೆ ಕೈ ಹಾಕುತ್ತಿದ್ದೇವೆಂದು ತಿಳಿದಿರಬೇಕು.

ಆಕ್ಷೇಪ ಮತ್ತು ಸಮಾಧಾನ

ಮೊದಲ ಆಕ್ಷೇಪ ವೈದ್ಯಶಾಸ್ತ್ರದ್ದು. ಹೆತ್ತವರು ನಿಧಾನವಾಗಿ ನಡೆಯುವುದಕ್ಕೆ ಕಾರಣ ಮಂಡಿಯ ಸವೆತವೇ ಹೊರತು ಯಾವ ದರ್ಶನವೂ ಅಲ್ಲ, ಆದ್ದರಿಂದ ಅದನ್ನು ವಿಧಾನವೆನ್ನುವುದು ಅತಿವ್ಯಾಪ್ತಿ ಎಂದು ಇವರ ವಾದ. ಸಮಾಧಾನ ಹೀಗೆ: ಕಾರಣ ಯಾವುದಾದರೂ ಫಲ ಫಲವೇ. ಹಿರಿಯ ಪ್ಲಿನಿಯ ಮುಂದೆ ಪುಸ್ತಕವಿತ್ತು, ಅವನ ಸೋದರಿಯ ಮುಂದೆ ಇರಲಿಲ್ಲ. ಅವಳು ಮೋಡ ಕಂಡದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಮಂಡಿ ನೋವಿನಿಂದ ಚರ್ಚಿನ ಮೆಟ್ಟಿಲ ಮೇಲೆ ಕೂತವರ ಕಣ್ಣಿಗೆ ಬೀದಿಯ ಮೇಲಿನ ಒಗೆದ ಬಟ್ಟೆ, ನಾಲ್ಕನೆಯ ಮಹಡಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟು ಸಾಮಾನು ಎಳೆದುಕೊಳ್ಳುವ ಹೆಂಗಸು, ಒಂದೇ ಸ್ಕೂಟರಿನ ಮೇಲೆ ಮೂರು ಜನ, ಎಲ್ಲವೂ ಕಾಣುತ್ತವೆ. ಒಳಗೆ ಹೋಗಿ ಬಂದ ಮಕ್ಕಳಿಗೆ ಚರ್ಚಿನ ಹೆಸರು ಕೂಡ ನೆನಪಿರುವುದಿಲ್ಲ. ಒಳಗಿದ್ದದ್ದು ಚಿತ್ರ, ಹೊರಗಿದ್ದದ್ದು ಊರು.

ಎರಡನೆಯ ಆಕ್ಷೇಪ ಕಾಫಿಶಾಸ್ತ್ರದ್ದು. ಇದು ನಿಜಕ್ಕೂ ಗಟ್ಟಿಯಾದದ್ದು. ಕೂರುವುದೇ ಊರಿನ ಧರ್ಮವಾಗಿದ್ದರೆ ನೇಪಲ್ಸ್‌ನವರೇ ಯಾಕೆ ಕಟ್ಟೆಗೆ ಒರಗಿ ನಿಂತು ಎರಡೇ ಗುಟುಕಿಗೆ ಕಾಫಿ ಮುಗಿಸಿ ಹೊರಡುತ್ತಾರೆ? ಮೊದಲನೆಯದಾಗಿ, ನಿಂತವರು ನಡೆಯುತ್ತಿಲ್ಲ ಎಂಬುದನ್ನು ಆಕ್ಷೇಪಕರು ಮರೆತಿದ್ದಾರೆ. ಎರಡನೆಯದಾಗಿ, ಅದೇ ಕಾಫಿಗೆ ಮೇಜಿನ ಮುಂದೆ ಕೂತರೆ ಬೆಲೆ ಹೆಚ್ಚು. ಮಾರುಕಟ್ಟೆಯೇ ಕೂರುವುದಕ್ಕೆ ಹೆಚ್ಚಿನ ಮೌಲ್ಯ ಕಟ್ಟಿರುವಾಗ ಬೇರೆ ಪುರಾವೆ ಯಾಕೆ? ಇನ್ನು ಅಲ್ಲಿ ಕಾಫೆ ಸೊಸ್ಪೇಸೊ ಎಂಬ ಪದ್ಧತಿಯಿದೆ: ಗಿರಾಕಿ ಎರಡು ಕಾಫಿಗೆ ದುಡ್ಡು ಕೊಟ್ಟು ಒಂದನ್ನು ಕುಡಿಯುತ್ತಾನೆ, ಇನ್ನೊಂದು ಮುಂದೆ ಬರುವ ಯಾರೋ ಬಡವರ ಪಾಲಿಗೆ ಉಳಿಯುತ್ತದೆ. ಒಂದಕ್ಕೆ ದುಡ್ಡು ಕೊಟ್ಟು ಇಬ್ಬರು ಕುಡಿಯುವ ಬೆಂಗಳೂರಿನ ಬೈಟು ಪದ್ಧತಿಗೆ ಇದು ನೇರ ವಿಲೋಮ. ಹೆಬ್ಬೆರಳುದ್ದದ ಲೋಟದಲ್ಲಿ ಬರುವ ಎಸ್ಪ್ರೆಸೊವನ್ನು ಬೈಟು ಮಾಡಲಾಗದು ಎಂದು ತಿಳಿದಾಗ ಕನ್ನಡದ ತಾಯಿಯೊಬ್ಬರು ಯೂರೋವನ್ನು ರೂಪಾಯಿಗೆ ಗುಣಿಸಿ “ಇಷ್ಟಕ್ಕೆ ಮನೆಯಲ್ಲಿ ಒಂದು ವಾರ ಕುಡೀಬಹುದಿತ್ತು” ಎನ್ನುವುದು ಸಹಜ. ಇದನ್ನು ಜಿಪುಣತನವೆಂದು ಆಡಿಕೊಳ್ಳಬಾರದು. ತೌಲನಿಕ ಅರ್ಥಶಾಸ್ತ್ರ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳು ಮಾಡುವುದೂ ಇದನ್ನೇ, ಸಂಬಳ ಪಡೆದು.

ಮೂರನೆಯ ಆಕ್ಷೇಪ ಎಂಜಿನಿಯರುಗಳದ್ದು. ಊರಿನ ಆದರ್ಶ ನಿಧಾನವಾದರೆ ಹಗ್ಗದಿಂದ ಎಳೆಯುವ ನಾಲ್ಕು ಫ್ಯುನಿಕ್ಯುಲರ್ ರೈಲುಗಳು ಗುಡ್ಡ ಹತ್ತುವುದು ಯಾಕೆ? ಈ ಸಾಲಿನಲ್ಲಿ ಮೊದಲನೆಯದು 1889ರಷ್ಟು ಹಿಂದಿನದು. ಉತ್ತರ: ಫ್ಯುನಿಕ್ಯುಲರ್ ವೇಗದ ಸಾಧನವಲ್ಲ, ಕೂತು ಮೇಲೆ ಹೋಗುವ ಸಾಧನ. ಅದು ಮಾನವ ಇತಿಹಾಸದಲ್ಲಿ ಬೆಂಚಿಗೆ ಚಕ್ರ ಹಾಕಿದ ಘಟನೆ. ಮಕ್ಕಳ ಪೀಳಿಗೆಯಂತೂ ಅದಕ್ಕೂ ಮೊದಲೇ, 1880ರಲ್ಲಿ, ಖುದ್ದು ವೆಸೂವಿಯಸ್ ಮೇಲಕ್ಕೇ ಫ್ಯುನಿಕ್ಯುಲರ್ ಹಾಕಿತ್ತು. ಅದರ ನೆಪದಲ್ಲಿ ಜಗತ್ತೆಲ್ಲ ಗುನುಗುವ ಹಾಡೊಂದು ಹುಟ್ಟಿತು. 1944ರ ಸ್ಫೋಟದಲ್ಲಿ ಬೆಟ್ಟ ರೈಲನ್ನು ಮುಗಿಸಿತು, ಹಾಡು ಮಾತ್ರ ಉಳಿಯಿತು. “ಅಲ್ಲಿಗೆಲ್ಲ ಯಾಕಪ್ಪಾ ಹೋಗಬೇಕು, ಇಲ್ಲಿಂದಲೇ ಕಾಣುತ್ತಲ್ಲ” ಎಂದು ಕಡಲದಂಡೆಯ ಕಟ್ಟೆಯ ಮೇಲೆ ಕೂತು ಹೇಳುವ ತಂದೆಯರ ಪರವಾಗಿ ಬೆಟ್ಟವೇ ತೀರ್ಪು ಕೊಟ್ಟಂತಾಯಿತು.

ನಾಲ್ಕನೆಯ ಆಕ್ಷೇಪ: ಇದೆಲ್ಲ ಸರಿ, ಹೆತ್ತವರ ನಡಿಗೆಯಲ್ಲಿ ಎಲ್ಲ ಊರನ್ನೂ ನೋಡಬಹುದು, ಮೆಡಿಟರೇನಿಯನ್ ಊರೇ ಯಾಕೆ? ಇದಕ್ಕೆ ಉತ್ತರ ನೆಲದ ಕೆಳಗಿದೆ. ನೇಪಲ್ಸ್‌ನ ಹಳೆಯ ಮನೆಗಳು ಹಳದಿ ಟಫ್ ಕಲ್ಲಿನವು; ಆ ಕಲ್ಲನ್ನು ಗ್ರೀಕರ ಕಾಲದಿಂದಲೂ ಊರಿನ ಬುಡದಿಂದಲೇ ಕಡಿದು ತೆಗೆದರು. ಮೇಲೆ ಊರು ಎದ್ದಷ್ಟೂ ಕೆಳಗೆ ಟೊಳ್ಳಾಯಿತು. ಆ ಟೊಳ್ಳುಗಳಲ್ಲಿ ನೀರು ತುಂಬಿಸಿ ಶತಮಾನಗಳ ಕಾಲ ಮೇಲಿನವರು ಸೇದಿ ಕುಡಿದರು. 1884ರ ಕಾಲರಾ ಬಂದ ಮೇಲೆ ಹೊಸ ನೀರಿನ ವ್ಯವಸ್ಥೆಯಾಗಿ ಆ ಹಳೆಯ ತೊಟ್ಟಿಗಳನ್ನು ಕೈಬಿಟ್ಟರು, ಕಸ ಸುರಿದರು, ಮರೆತರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳು ಬಾಂಬ್ ಹಾಕತೊಡಗಿದಾಗ ಜನ ಓಡಿ ಇಳಿದದ್ದು ಅದೇ ಟೊಳ್ಳಿನೊಳಕ್ಕೆ, ನೆಲದಿಂದ ಸುಮಾರು 40 ಮೀಟರ್ ಆಳಕ್ಕೆ. ಮೇಲಿನ ಊರಿಗೆ ಕಲ್ಲು ಕೊಟ್ಟು, ನೀರು ಕೊಟ್ಟು, ಮರೆತ ಮೇಲೂ ಆಪತ್ತಿಗೆ ಜಾಗ ಕೊಟ್ಟ ಕೆಳಗಿನ ಊರು ಯಾರಿಗೆ ಸಮಾನ ಎಂಬುದನ್ನು ಶಾಸ್ತ್ರಗ್ರಂಥದಲ್ಲಿ ಬಾಯಿಬಿಟ್ಟು ಹೇಳುವುದು ಔಚಿತ್ಯವಲ್ಲ. ಇಂಥ ಊರನ್ನು ನೋಡಲು ಯಾರನ್ನು ಜೊತೆಗೆ ಕರೆದೊಯ್ಯಬೇಕೆಂಬುದು ಇಷ್ಟರಿಂದ ನಿಗದಿಯಾಗುತ್ತದೆ.

ಉಳಿದಿರುವುದು ಐದನೆಯ ಆಕ್ಷೇಪ. ಎಲ್ಲಕ್ಕಿಂತ ಬಲವಾದ ಈ ಆಕ್ಷೇಪವನ್ನು ಎತ್ತುವವರು ಷಣ್ಮುಖಪಕ್ಷದವರೂ ಅಲ್ಲ, ಗಣೇಶಪಕ್ಷದವರೂ ಅಲ್ಲ, ಹೆತ್ತವರೇ. “ನನ್ನಿಂದ ನಿನಗೆ ತೊಂದರೆ, ನೀನು ಹೋಗಿ ನೋಡಿಕೊಂಡು ಬಾ, ನಾನು ಇಲ್ಲೇ ಕೂತಿರ್ತೀನಿ” ಎನ್ನುವ ಈ ವಾದವನ್ನು ತರ್ಕದಿಂದ ಖಂಡಿಸಲು ಆಗುವುದಿಲ್ಲ. ಯಾಕೆಂದರೆ ಅದರಲ್ಲಿ ಅರ್ಧ ನಿಜ, ಅರ್ಧ ಪರೀಕ್ಷೆ, ಎಷ್ಟೆಷ್ಟು ಎಂಬುದು ಹೇಳಿದವರಿಗೂ ತಿಳಿಯದು. ಶ್ರವಣಕುಮಾರ ತಾಯಿತಂದೆಯನ್ನು ಕೂರಿಸಿ ಈಗ ಬಂದೆ ಎಂದು ನೀರಿಗೆ ಹೋದ ಕಥೆಯ ಮುಂದಿನ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಮತ್ತೆ ಪ್ಲಿನಿಯ ಕಾಗದಕ್ಕೇ ಹೋಗಬೇಕು. ಸ್ಫೋಟ ನೋಡಲೆಂದೂ ಜನರನ್ನು ಕಾಪಾಡಲೆಂದೂ ಹಡಗು ಹತ್ತಿ ಹೋದ ಮಾವ ಕೊಲ್ಲಿಯ ಆಚೆ ದಂಡೆಯಲ್ಲಿ ತೀರಿಕೊಂಡ. ಇತ್ತ ಮಿಸೇನಮ್‌ನಲ್ಲಿ ನೆಲ ನಡುಗಿ, ಕಡಲು ಹಿಂದೆ ಸರಿದು, ಬೂದಿ ಬೀಳತೊಡಗಿದಾಗ ತಾಯಿ ಮಗನಿಗೆ ಹೇಳಿದ್ದು ಮೇಲಿನ ಆಕ್ಷೇಪವನ್ನೇ: ನೀನು ಹುಡುಗ, ಓಡು, ವಯಸ್ಸಾದ ಭಾರದ ಮೈ ನನ್ನದು, ನಿನ್ನ ಸಾವಿಗೆ ನಾನು ಕಾರಣಳಾಗದಿದ್ದರೆ ನೆಮ್ಮದಿಯಿಂದ ಸಾಯುತ್ತೇನೆ. ಮಗ ವಾದ ಮಾಡಲಿಲ್ಲ. ಬದುಕಿದರೆ ಇಬ್ಬರೂ ಎಂದು ಕೈಹಿಡಿದು ನಡೆಸಿದ. ನನ್ನಿಂದ ನಿನಗೆ ತಡವಾಯಿತು ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತ ನಡೆದಳು. ಸ್ವಲ್ಪ ದೂರ ಹೋದ ಮೇಲೆ, ಕತ್ತಲೆಯಲ್ಲಿ ಜನ ತುಳಿದುಬಿಟ್ಟಾರೆಂದು, ಇನ್ನೂ ಕಣ್ಣು ಕಾಣುವಾಗಲೇ ದಾರಿ ಬಿಟ್ಟು ಪಕ್ಕಕ್ಕೆ ಸರಿದು ಇಬ್ಬರೂ ಕೂತರು. ಕೂತದ್ದೇ ತಡ, ದೀಪ ಆರಿದ ಕೋಣೆಯಂಥ ಕತ್ತಲೆ ಕವಿಯಿತು. ಕಿರುಚುತ್ತ ಓಡುವ ಜನಜಂಗುಳಿಯ ಪಕ್ಕದಲ್ಲಿ ತಾಯಿ ಮಗ ಎದ್ದು ಎದ್ದು ಬೂದಿ ಕೊಡವಿಕೊಳ್ಳುತ್ತ ಬೆಳಕಾಗುವವರೆಗೆ ಉಳಿದರು. ಜಗತ್ತಿಗೆ ಆ ಕಾಗದ ಸಿಕ್ಕಿದ್ದು ಅವರು ಓಡಿದ್ದರಿಂದಲ್ಲ, ಒಂದು ಉಸ್ಸಪ್ಪ ದೂರ ನಡೆದು ದಾರಿಯ ಪಕ್ಕದಲ್ಲಿ ಕೂತದ್ದರಿಂದ.

ನಿರ್ಣಯ ಮತ್ತು ಫಲಶ್ರುತಿ

ಆದ್ದರಿಂದ ವಿಧಿ ಹೀಗೆ. ಹೆತ್ತವರೊಡನೆ ಕಡಲೂರು ಸುತ್ತುವವರು ದಿನಕ್ಕೆ ಒಂದೇ ಜಾಗ ನಿಗದಿ ಮಾಡಿ, ಅದನ್ನೂ ತಲುಪದೇ ಹೋಗುವುದಕ್ಕೆ ಸಿದ್ಧರಾಗಿರತಕ್ಕದ್ದು. ನಕ್ಷೆ ನೋಡುವಾಗ ಬೀದಿಗಳಿಗಿಂತ ಮೊದಲು ಬೆಂಚುಗಳನ್ನೂ ಶೌಚಾಲಯಗಳನ್ನೂ ಗುರುತಿಸತಕ್ಕದ್ದು. ಅವರು ಏನನ್ನಾದರೂ ತೋರಿಸಿದರೆ, ಅದು ಬರೀ ಮೋಡವೇ ಆಗಿದ್ದರೂ, ತಲೆ ಎತ್ತಿ ನೋಡತಕ್ಕದ್ದು. ನಿಷೇಧಗಳು ಎರಡೇ: ನಾಲ್ಕು ಹೆಜ್ಜೆ ಮುಂದೆ ನಡೆಯಕೂಡದು, “ಆಗಲೇ ಹೇಳಿದೆನಲ್ಲ” ಎನ್ನಕೂಡದು. ಇದನ್ನು ಪಾಲಿಸಿದ ಮಕ್ಕಳಿಗೆ ಪಟ್ಟಿಯಲ್ಲಿದ್ದ ಸ್ಥಳಗಳಲ್ಲಿ ಮುಕ್ಕಾಲು ಪಾಲು ತಪ್ಪಿಹೋಗುವುದೆಂದು ಫಲಶ್ರುತಿ ಪ್ರಾಮಾಣಿಕವಾಗಿ ಎಚ್ಚರಿಸುತ್ತದೆ. ಬದಲಿಗೆ ಊರಿಗೆ ಮರಳಿದ ಮೇಲೆ ಹೆತ್ತವರು ನೆಂಟರೆದುರು ನೇಪಲ್ಸ್ ವರ್ಣಿಸುವಾಗ, ಮಕ್ಕಳು ಕಾಣದ ಊರೊಂದು ಅವರ ಬಾಯಿಂದ ಹೊರಬರುತ್ತದೆ; ಅದರಲ್ಲಿ ಬುಟ್ಟಿ ಇಳಿಬಿಟ್ಟ ಹೆಂಗಸಿನ ಜೊತೆ ಕೈಸನ್ನೆಯಲ್ಲೇ ಟೊಮ್ಯಾಟೊ ಬೆಲೆ ವಿಚಾರಿಸಿದ ವಿವರವೂ ಇರುತ್ತದೆ. ಅದು ಯಾವಾಗ ನಡೆಯಿತು ಎಂದು ಮಕ್ಕಳು ಕೇಳಿದರೆ ಸಿಗುವ ಉತ್ತರವನ್ನು ಈ ಮೀಮಾಂಸೆಯ ಅಂತಿಮ ಸೂತ್ರವೆಂದು ಸ್ವೀಕರಿಸಬಹುದು: “ನೀನು ಒಳಗೆ ಫೋಟೊ ತೆಗೀತಾ ಇದ್ದೆ.”